ಅಂಚಿನ ಹಲ್ಲುಗುರುತು

ಪಾಲಿಶ್ ಪೇಪರ್ ತರಲು ಪೇಟೆಗೆ ಹೋಗಿದ್ದ ಸೊಸೆ ಮರಳಿ ಬಂದಾಗ ಮಾವ ಕೆಲಸದ ಮೇಜಿನ ಮುಂದೆ ಕೂತಿದ್ದರು. ಬಲಗೈ ಮುಷ್ಟಿ ಬಿಗಿಯಾಗಿತ್ತು. ಕೋಣೆಯಲ್ಲಿ ಕಾದ ಲೋಹದ ವಾಸನೆ.

"ಏನ್ ಮಾವ, ಬೆಂಕಿ ಹಚ್ಚಿದ್ರಾ?"

"ಇಲ್ವಲ್ಲ."

ಬೆಸುಗೆ ಹಾಕುವ ಟಾರ್ಚಿನ ಮೂತಿ ಇನ್ನೂ ಬಿಸಿಯಾಗಿತ್ತು. ರಿಪೇರಿಗೆ ಬಂದಿದ್ದ ನರ್ಸಮ್ಮನ ಪದಕ ಇಟ್ಟಿದ್ದ ತಟ್ಟೆ ಖಾಲಿ.

"ಮಾವ, ಕೈ ತೆಗೀರಿ."

ಅವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಅಂಗೈಯಲ್ಲಿ ಕರಗಿ ಉಂಡೆಯಾಗಿ ಆರಿದ ಬೆಳ್ಳಿ, ಅದಕ್ಕಂಟಿಕೊಂಡ ಎಲೆಯ ತುದಿ. ಅಷ್ಟೇ ಉಳಿದಿತ್ತು.

ಆ ಊರಿನಲ್ಲಿ ಬೆಳ್ಳಿ ಕೆಲಸವೆಂದರೆ ಐವತ್ತು ವರ್ಷದಿಂದ ಮಾವನ ಹೆಸರೇ. ಆದರೆ ಈಗ ನಾಲ್ಕು ವರ್ಷಗಳಿಂದ ಅವರ ನೋಟದ ನಟ್ಟನಡುವೆ ಒಂದು ಮಬ್ಬು ಕೂತಿತ್ತು. ಅದು ಸರಿಹೋಗುವಂಥದ್ದಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. "ವಯಸ್ಸಾಗಿರೋದು ಕನ್ನಡಕಕ್ಕೆ, ನನಗಲ್ಲ" ಎಂದು ಮಾವ ನಗಿಸುತ್ತಿದ್ದರು. ಮಗನಿಗೆ ಬೆಂಕಿಯ ಮುಂದೆ ಕೂರುವ ತಾಳ್ಮೆಯಿರಲಿಲ್ಲ, ಅವನು ಬಸ್ಸು ಓಡಿಸುತ್ತಿದ್ದ. ಮದುವೆಯಾದ ಹೊಸದರಲ್ಲಿ ಮಾವನ ಪಕ್ಕ ಕೂತು ನೋಡುತ್ತ ನೋಡುತ್ತ ಕೆಲಸ ಕಲಿತವಳು ಸೊಸೆ. ಈಗ ನಕ್ಷೆ ಬರೆಯುವವಳು ಅವಳೇ, ತಗಡು ಕತ್ತರಿಸಿ ಬೆಸುಗೆ ಹಾಕುವವಳೂ ಅವಳೇ. ಮಾವ ಗಿರಾಕಿಗಳನ್ನು ಮಾತಾಡಿಸಿ, ಕೊನೆಯಲ್ಲಿ ಒಡವೆಯ ಬೆನ್ನಿಗೆ ತಮ್ಮ ಮುದ್ರೆ ಒತ್ತುತ್ತಿದ್ದರು. ಹೊರಗಿನವರಿಗೆ ಇದು ಗೊತ್ತಿರಲಿಲ್ಲ. ಅವಳಿಗೂ ಅದರ ಬಗ್ಗೆ ತಕರಾರಿರಲಿಲ್ಲ.

ನರ್ಸಮ್ಮ ಆಸ್ಪತ್ರೆಯಿಂದ ನಿವೃತ್ತಿಯಾದ ಹೆಂಗಸು. ಪದಕ ಅವರ ತಂಗಿಯದು. ತಂಗಿ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಅಂಗೈಯಗಲದ ಬೆಳ್ಳಿ ಎಲೆ, ನಡುವೆ ತಂತಿಯ ನರ, ನರದುದ್ದಕ್ಕೂ ಸಾಸಿವೆಗಿಂತ ಸಣ್ಣ ಬೆಳ್ಳಿ ಕಾಳುಗಳ ಸಾಲು. ಎಡ ಅಂಚಿನಲ್ಲಿ ನಾಲ್ಕೈದು ತಗ್ಗುಗಳು. "ಓದ್ತಾ ಕೂತ್ರೆ ಇದನ್ನ ಕಚ್ಚೋದು ಅವಳ ಚಾಳಿ. ಬಳೆ ಒಂದು ಬಿಟ್ಟುಹೋಗಿದೆ, ಅದನ್ನ ಕೂರಿಸಿ. ಉಜ್ಜಬೇಡಿ, ಹೊಳಪು ಬರಿಸಬೇಡಿ" ಎಂದು ನರ್ಸಮ್ಮ ಎರಡೆರಡು ಸಲ ಹೇಳಿ ಹೋಗಿದ್ದರು. ಬಳೆಯೆಂದರೆ ಸರಕ್ಕೆ ಪೋಣಿಸುವ ಪುಟ್ಟ ಉಂಗುರ. ಹತ್ತು ನಿಮಿಷದ ಕೆಲಸ.

"ಇಷ್ಟಾದ್ರೂ ನಾನೇ ಮಾಡೋಣ ಅಂತ ಕೂತೆ," ಎಂದರು ಮಾವ. "ಬೆಳ್ಳಿ ಕೆಂಪಾಗೋದು ಕಾಣ್ಲೇ ಇಲ್ಲ ಕಣಮ್ಮ. ಇನ್ನೂ ಕಾದಿಲ್ಲ, ಇನ್ನೂ ಕಾದಿಲ್ಲ ಅಂತ ಬೆಂಕಿ ಹಿಡಿದೇ ಇದ್ದೆ. ಕುಸಿದುಹೋಯ್ತು."

"ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ಮಾವ."

"ಬೇಡ." ಅವರು ಅವಳ ಕೈ ಹಿಡಿದುಕೊಂಡರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಹಿಡಿದವರಲ್ಲ. "ನೀನು ಇದರ ನಕ್ಷೆ ತೆಗೆದಿಟ್ಟಿದ್ದೀಯಲ್ಲ. ಇದೇ ಬೆಳ್ಳಿ, ಇದೇ ಅಳತೆ. ನಿನ್ನ ಕೈಯಲ್ಲಿ ಆಗುತ್ತೆ. ಇದೊಂದು ಸಲ ನನ್ನ ಮಾನ ಉಳಿಸಮ್ಮ."

ಬಂದ ಒಡವೆಯನ್ನೆಲ್ಲ ಕಾಗದದ ಮೇಲಿಟ್ಟು ಗೆರೆ ಎಳೆದು, ಅಳತೆ ಬರೆದು, ಫೋನಿನಲ್ಲಿ ಫೋಟೋ ತೆಗೆದಿಡುವುದು ಅವಳ ಅಭ್ಯಾಸ. ಒಲ್ಲೆ ಅನ್ನಲು ಅವಳಿಗೆ ಬಾಯಿ ಬರಲಿಲ್ಲ.

ಅದೇ ಬೆಳ್ಳಿಯನ್ನು ಕರಗಿಸಿ, ಬಡಿದು, ತಗಡು ಮಾಡಿದಳು. ಎಲೆಯ ಆಕಾರ ಒಂದು ದಿನ ತಿಂದಿತು, ಕಾಳುಗಳು ಇನ್ನೊಂದು ದಿನ. ಅರವತ್ತೆರಡು ಕಾಳುಗಳನ್ನು ಕೂದಲಿನ ಕುಂಚದಲ್ಲಿ ಎತ್ತಿ ಸಾಲಾಗಿ ಕೂರಿಸಿ ಬೆಸೆದಳು. ಹೊಸ ಬಿಳುಪು ಹೋಗುವ ಹಾಗೆ ಕಪ್ಪು ಹಿಡಿಸಿದಳು. ಮೂರನೆಯ ದಿನ ಉಳಿದದ್ದು ಅಂಚಿನ ಗುರುತು. ಬೇರೆ ತಗಡಿನ ಮೇಲೆ ಉಳಿಯಿಂದ ಹೊಡೆದು ನೋಡಿದಳು. ಅದು ಉಳಿಯೇಟಿನ ಹಾಗೇ ಕಂಡಿತು, ಹಲ್ಲಿನ ಹಾಗಲ್ಲ. ಮೊಂಡು ಚಿಮಟದಿಂದ ಒತ್ತಿದಳು. ಅದೂ ಅಲ್ಲ. ಕೊನೆಗೆ ಎದ್ದು ಬಾಗಿಲು ಮುಂದೆ ಮಾಡಿ, ಪದಕವನ್ನು ಬಾಯಿಗಿಟ್ಟುಕೊಂಡು ಕಚ್ಚಿದಳು. ಫೋಟೋ ನೋಡಿ ಇನ್ನೊಮ್ಮೆ, ಸ್ವಲ್ಪ ಕೆಳಗೆ. ಕಣ್ಣಾರೆ ಕಂಡಿರದ ಒಬ್ಬ ಹೆಂಗಸಿನ ಬಾಯೊಳಗೆ ತಾನು ನುಗ್ಗಿದ ಹಾಗೆ ಅವಳಿಗೆ ಹೇಸಿಗೆಯಾಯಿತು. ಹಿತ್ತಲಿಗೆ ಹೋಗಿ ಎಷ್ಟು ಬಾಯಿ ಮುಕ್ಕಳಿಸಿದರೂ ಬೆಳ್ಳಿಯ ರುಚಿ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ನರ್ಸಮ್ಮ ಬಂದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ನರ್ಸಮ್ಮ ಪದಕವನ್ನು ಬೆಳಕಿಗೆ ಹಿಡಿಯಲಿಲ್ಲ, ತಿರುಗಿಸಿ ಪರೀಕ್ಷಿಸಲಿಲ್ಲ. ಸೀದಾ ಹೆಬ್ಬೆರಳನ್ನು ಎಡ ಅಂಚಿಗೆ ತಂದು ತಗ್ಗುಗಳನ್ನು ಮೆಲ್ಲಗೆ ಸವರಿದರು.

"ಉಜ್ಜಿಲ್ಲ ನೀವು," ಎಂದರು. "ಬೇರೆಯವರಾಗಿದ್ರೆ ಸಮ ಮಾಡಿಬಿಡ್ತಿದ್ರು."

"ನಮ್ಮ ಕೈಗೆ ಬಂದ ಮೇಲೆ ಕೇಳಬೇಕಾ?" ಎಂದು ಮಾವ ನಕ್ಕರು.

ನರ್ಸಮ್ಮ ಹೋದ ಮೇಲೆ ಸೊಸೆ ಒಲೆಯ ಮುಂದೆ ನಿಂತಳು. ಚಹಾ ಉಕ್ಕಿ ಚೆಲ್ಲಿತು. ಅವಳು ಒಲೆ ಆರಿಸಿದವಳೇ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಬಸ್ ಸ್ಟಾಪಿನ ಬೆಂಚಿನಲ್ಲಿ ನರ್ಸಮ್ಮ ಒಬ್ಬರೇ ಇದ್ದರು. ಪದಕ ಆಗಲೇ ಕೊರಳಲ್ಲಿತ್ತು.

ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಲಿಲ್ಲ.

ನರ್ಸಮ್ಮ ಹೆಬ್ಬೆರಳನ್ನು ಪದಕದ ಅಂಚಿನ ಮೇಲಿಟ್ಟುಕೊಂಡೇ ಕೂತಿದ್ದರು. ಬಸ್ಸು ಬಂತು, ಹೋಯಿತು.

"ಹಾಗಾದ್ರೆ ಇದು ಯಾರ ಹಲ್ಲು?"

"ನಂದು."

"ನೀವು ಹೇಳದೇ ಇದ್ದಿದ್ರೆ ನಾನು ಸಾಯೋವರೆಗೂ ನಿಮ್ಮ ಹಲ್ಲು ಸವರ್ಕೊಂಡು ನೆಮ್ಮದಿಯಾಗಿ ಇರ್ತಿದ್ದೆ," ಎಂದರು ನರ್ಸಮ್ಮ. "ಈಗ ಹೇಳಿದ್ರಿ. ಯಾರಿಗೆ ಹಗುರ ಆಯ್ತು? ನನಗಂತೂ ಅಲ್ಲ."

ನರ್ಸಮ್ಮ ಎದ್ದು, ಬಂದ ದಾರಿಯಲ್ಲೇ ವಾಪಸು ಹೊರಟರು. ಅವಳು ಹಿಂದೆ ಹಿಂದೆ ನಡೆದಳು.

ಮಾವ ಹೆಜ್ಜೆ ಸಪ್ಪಳಕ್ಕೆ ತಲೆಯೆತ್ತಿದರು. ನರ್ಸಮ್ಮ ಅವರ ಎದುರು ನಿಂತು ಕೇಳಿದರು: "ಕಣ್ಣು ಕಾಣಲ್ವಾ ನಿಮಗೆ?"

ಮಾವನ ಮುಖ ಸೊಸೆಯ ಕಡೆ ತಿರುಗಿತು, ಅವಳು ನಿಂತ ಜಾಗಕ್ಕಿಂತ ತುಸು ಆಚೆಗೆ.

"ಕಾಣಲ್ಲ," ಎಂದರು. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನರ್ಸಮ್ಮ ಪದಕ ಬಿಚ್ಚಿ ಮೇಜಿನ ಮೇಲಿಟ್ಟರು. "ಬೆಳ್ಳಿ ಅವಳದೇ ತಾನೆ?"

"ಹೌದಮ್ಮ. ಒಂದು ಚೂರೂ ಬೇರೆ ಸೇರಿಸಿಲ್ಲ."

"ಹಾಗಾದ್ರೆ ಆ ಗುರುತು ತೆಗೀರಿ. ಅವಳದಲ್ಲದ್ದು ನನಗೆ ಬೇಡ."

ಅವರ ಕಣ್ಣೆದುರೇ ಅವಳು ಅರ ಹಾಕಿದಳು. ತಗ್ಗುಗಳು ಮಾಯವಾಗಿ ಅಂಚು ನುಣ್ಣಗಾಯಿತು. ನರ್ಸಮ್ಮ ಪದಕವನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ. ಕರವಸ್ತ್ರದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡು ಹೋದರು. ಮತ್ತೆ ಬರಲಿಲ್ಲ.

ಮಾವ ಆ ದಿನ ಸಂಜೆ ಒಂದೇ ಮಾತು ಆಡಿದರು. "ನನ್ನ ಮರ್ಯಾದೆ ಕಣಮ್ಮ ಅದು. ಬಸ್ ಸ್ಟಾಪಲ್ಲಿ ಹಂಚೋಕೆ ನಿನ್ನದಾಗಿರಲಿಲ್ಲ." ಆಮೇಲೆ ಅವಳೊಂದಿಗೆ ಮಾತು ಬಿಟ್ಟರು. ಕೆಲಸದ ಕೋಣೆಗೆ ಕಾಲಿಡಲಿಲ್ಲ. ಮುದ್ರೆ ಒತ್ತಿಕೊಡಿ ಎಂದು ಅವಳು ಒಡವೆ ತಂದರೆ ಮುಖ ತಿರುಗಿಸಿಕೊಂಡರು. "ಅಪ್ಪನ ಕಾಲಕ್ಕೆ ಅದು ಹಾಗೇ ಮುಗಿದುಹೋಗ್ತಿತ್ತಲ್ಲ, ನಿನಗೇನು ಅವಸರ ಇತ್ತು?" ಎಂದು ಗಂಡನೂ ಕೇಳಿದ. ಗಿರಾಕಿಗಳು ಬಂದಾಗ ಅವಳು ಮೊದಲೇ ಹೇಳತೊಡಗಿದಳು, ಮಾಡುವುದು ನಾನೇ ಎಂದು. ಕೆಲವರು ಕೂತರು. ಕೆಲವರು ಆಮೇಲೆ ಬರುತ್ತೇವೆ ಅಂದರು. ತಾನು ಮಾಡಿದ್ದು ಸರಿಯೋ, ತನ್ನ ಭಾರ ಇಳಿಸಿಕೊಳ್ಳಲು ಇಬ್ಬರನ್ನು ನೋಯಿಸಿದೆನೋ, ಎಷ್ಟು ಯೋಚಿಸಿದರೂ ಅವಳಿಗೆ ಬಗೆಹರಿಯಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಅವಳು ಕೈಕಡಗವೊಂದರ ಒಳಬದಿಗೆ ಅರ ಹಾಕುತ್ತಿದ್ದಾಗ, ಬಾಗಿಲ ಬಳಿ ಯಾರೋ ನಿಂತ ಹಾಗಾಯಿತು. ಅವಳು ಕೈ ನಿಲ್ಲಿಸಿದಳು.

"ಅರ ಮೊಂಡಾಗಿದೆ," ಎಂದರು ಮಾವ. "ಸದ್ದು ಕೇಳಿದ್ರೆ ಗೊತ್ತಾಗಲ್ವಾ? ಬೇರೆ ತಗೋ."

"ಹೂಂ ಮಾವ," ಎಂದಳು.

ಅವರು ಒಳಗೆ ಬರಲಿಲ್ಲ. ಚೌಕಟ್ಟಿಗೆ ಕೈಯಾನಿಸಿ ಅಲ್ಲೇ ನಿಂತರು. ಅವಳು ಡ್ರಾಯರಿನಿಂದ ಹೊಸ ಅರ ತೆಗೆದು ಕೆಲಸ ಮುಂದುವರಿಸಿದಳು.