ವಿಮಲಸೇನನ ಬಾಯಾರಿಕೆ

ಟಿಕಿರಿ ಮೆಣಿಕೆಗೆ ಸಿಟ್ಟು ಮೂಗಿನ ತುದಿಯಲ್ಲಿ. ಗಂಡ ಇದ್ದಷ್ಟು ದಿನ ಅವನ ಮೇಲೆ. ಅವನು ತೀರಿಹೋದ ಮೇಲೆ ಬೇಲಿ ನುಸುಳಿ ಬರುವ ಕೋಳಿಗಳ ಮೇಲೆ, ಆ ಕೋಳಿ ಸಾಕಿದ ಪಕ್ಕದ ಮನೆಯ ವಿಮಲಸೇನನ ಮೇಲೆ. ಬುದ್ಧ ಹುಟ್ಟಿದ ವೆಸಾಕ್ ಹುಣ್ಣಿಮೆಯ ದಿನ ವಿಹಾರದ ದೊಡ್ಡ ಸ್ವಾಮಿಗಳು, "ಊರಿನವರ ತಪ್ಪು ಹುಡುಕಿದ್ದು ಸಾಕಮ್ಮ. ನಿನ್ನ ಮನಸ್ಸು ಏನು ಮಾಡ್ತಿದೆ ನೋಡ್ಕೋ" ಎಂದಿದ್ದರು. ಆ ಮಾತು ಅವಳಿಗೆ ನಾಟಿತು. ಅಂದಿನಿಂದ ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕೂರುತ್ತಿದ್ದಳು. ಸಂಜೆ ವಿಹಾರಕ್ಕೆ ಹೋಗಿ ಬುದ್ಧನ ಮುಂದೆ ಕೊತ್ತಂಬರಿ ಕಷಾಯದ ಲೋಟ ಇಟ್ಟು ಬರುತ್ತಿದ್ದಳು.

ಆ ವರ್ಷವೇ ವಿಮಲಸೇನನ ಕಿಡ್ನಿ ಕೈಕೊಟ್ಟಿತು. ಆ ಸೀಮೆಯಲ್ಲಿ ಅದು ಹೊಸ ಕಾಯಿಲೆಯಲ್ಲ, ಓಣಿಗೊಬ್ಬರಾದರೂ ಇದ್ದರು. ಪೇಟೆಯ ಆಸ್ಪತ್ರೆಗೆ ಹೋಗಿ ಮೆಷಿನ್ನಿನಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ದಿನಕ್ಕೆ ಎರಡು ಸಣ್ಣ ಲೋಟಕ್ಕಿಂತ ಹೆಚ್ಚು ನೀರು ಕುಡಿಯುವ ಹಾಗಿಲ್ಲ. ಅವನ ಹೆಂಡತಿ ಯಸವತಿ ಗಾರ್ಮೆಂಟ್ಸ್ ಕೆಲಸ ಬಿಡುವಂತಿರಲಿಲ್ಲ. ಒಂದು ದಿನ ಬೇಲಿಯ ಹತ್ತಿರ ಬಂದು ನಿಂತಳು.

"ಟಿಕಿರಿ ಅಕ್ಕಾ, ಮಧ್ಯಾಹ್ನ ಸ್ವಲ್ಪ ಇವರ ಹತ್ರ ಕೂತ್ಕೋತೀರಾ? ನಾನಿಲ್ಲದಾಗ ನೀರು ಕುಡಿಯೋಕೆ ಬಾವಿ ಕಡೆ ಹೋಗಿಬಿಡ್ತಾರೆ."

"ಹೋಗು ತಂಗಿ, ನಾನು ನೋಡ್ಕೋತೀನಿ" ಎಂದಳು ಟಿಕಿರಿ.

ವಿಮಲಸೇನ ಮೊದಮೊದಲು ತಮಾಷೆ ಮಾಡುತ್ತಿದ್ದ. "ಏನಕ್ಕಾ, ನನ್ನ ಕೋಳಿಗೆ ಕಲ್ಲು ಹೊಡೆಯೋ ಕೈ ನನಗೇ ಗಾಳಿ ಹಾಕ್ತಿದೆ?"

"ಬಾಯ್ಮುಚ್ಕೊಂಡು ಮಲಗು. ಬೀಸಣಿಗೆ ತಿರುಗಿಸಿ ಹಿಡಿದ್ರೆ ಅದರಲ್ಲೂ ಬಾರಿಸಬಹುದು."

ಇಬ್ಬರೂ ನಗುತ್ತಿದ್ದರು.

ಆಮೇಲೆ ಆಸ್ಪತ್ರೆಯ ಮೆಷಿನ್ ಕೆಟ್ಟಿತು. ಇವತ್ತು ನಾಳೆ ಎನ್ನುತ್ತಾ ಅವನ ಸರದಿ ಮುಂದಕ್ಕೆ ಹೋಯಿತು. ಕಾಲು ಊದಿ ಬಾಳೆದಿಂಡಿನಂತಾಯಿತು, ಉಸಿರು ಎಳೆಯತೊಡಗಿತು. ನೀರು ಇನ್ನೂ ಕಮ್ಮಿ ಮಾಡಿ ಎಂದರು ಡಾಕ್ಟರು. ಆ ಮಧ್ಯಾಹ್ನ ಅವನು ಟಿಕಿರಿಯ ಸೆರಗು ಹಿಡಿದುಕೊಂಡ.

"ಅಕ್ಕಾ, ಒಂದೇ ಒಂದು ಗುಟುಕು. ಯಸಾಗೆ ಹೇಳಲ್ಲ."

"ಆಗಲ್ಲಪ್ಪಾ. ನೀರು ಎದೆಗೇರುತ್ತಂತೆ."

"ಸಂಜೆಯಾದ್ರೆ ಕಲ್ಲಿನ ಬುದ್ಧಂಗೆ ಲೋಟದ ತುಂಬ ಇಡ್ತೀಯಲ್ಲ, ಅದೇನು ಕುಡಿಯುತ್ತಾ? ನಾನು ಕುಡೀತೀನಿ, ನಂಗೆ ಕೊಡು."

ಟಿಕಿರಿ ಎದ್ದಳು. ಬಟ್ಟೆಯ ತುದಿ ಒದ್ದೆ ಮಾಡಿ ಅವನ ತುಟಿಗೆ ಒತ್ತಿದಳು. ಅವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹೀರತೊಡಗಿದ. ಅವಳು ಬಲವಂತವಾಗಿ ಎಳೆದುಕೊಳ್ಳಬೇಕಾಯಿತು.

"ನಿನ್ನ ಪುಣ್ಯಕ್ಕಿಷ್ಟು ಬೆಂಕಿ ಹಾಕ!" ಎಂದು ಅವನು ಗೋಡೆ ಕಡೆ ತಿರುಗಿದ.

ಸಂಜೆ ವಿಹಾರದಲ್ಲಿ ಲೋಟವನ್ನು ಬುದ್ಧನ ಮುಂದೆ ಇಟ್ಟಳು. ಕೈಮುಗಿಯಲು ಆಗಲಿಲ್ಲ. ದೊಡ್ಡ ಸ್ವಾಮಿಗಳು ಅಂಗಳ ಗುಡಿಸುತ್ತಿದ್ದರು.

"ಒಂದು ಗುಟುಕು ಕೊಟ್ಟಿದ್ರೆ ಏನಾಗ್ತಿತ್ತು, ಸ್ವಾಮಿ?"

"ಗೊತ್ತಿಲ್ಲಮ್ಮ."

"ನೀವೇ ಹೀಗಂದ್ರೆ ನಾನು ಯಾರನ್ನ ಕೇಳ್ಲಿ?"

ಅವರು ಪೊರಕೆ ಗೋಡೆಗೊರಗಿಸಿ ಮೆಟ್ಟಿಲ ಮೇಲೆ ಕೂತರು. "ನಿಜವಾಗ್ಲೂ ಗೊತ್ತಿಲ್ಲ" ಎಂದರು. ಅವಳೂ ಕೆಳಗಿನ ಮೆಟ್ಟಿಲಲ್ಲಿ ಕೂತಳು. ಸಿಟ್ಟು ಬರುತ್ತಿತ್ತು. ಅದನ್ನು ಯಾರ ಮೇಲೆ ಹಾಕುವುದೆಂದು ಹುಡುಕಿದಳು. ಯಾರೂ ಸಿಗಲಿಲ್ಲ.

ಮೆಷಿನ್ ಸರಿಹೋಯಿತೆಂದು ಫೋನು ಬಂತು. ಅವನನ್ನು ಮಲಗಿಸಿಕೊಂಡು ಹೊರಟ ವ್ಯಾನು ಪೇಟೆ ಮುಟ್ಟುವ ಮೊದಲೇ ವಿಮಲಸೇನ ಹೋಗಿಬಿಟ್ಟ.

ಏಳನೆಯ ದಿನದ ದಾನದ ಊಟಕ್ಕೆ ಸ್ವಾಮಿಗಳು ಬಂದರು. ಅವರು ಪಠಿಸುತ್ತಿರುವಾಗ ಸತ್ತವನಿಗೆ ಪುಣ್ಯ ಮುಟ್ಟಲೆಂದು ಯಸವತಿ ಹೂಜಿಯಿಂದ ಬಟ್ಟಲಿಗೆ ನೀರು ಸುರಿಯಬೇಕು, ಬಟ್ಟಲು ತುಂಬಿ ಹರಿಯಬೇಕು. ಅವಳು ಅರ್ಧಕ್ಕೇ ನಿಲ್ಲಿಸಿದಳು. "ಅಕ್ಕಾ, ಹಿಡ್ಕೊಳ್ಳಿ" ಎಂದಳು. ಟಿಕಿರಿ ಪಕ್ಕದಲ್ಲಿ ಮಂಡಿಯೂರಿ ಹೂಜಿಗೆ ಕೈಕೊಟ್ಟಳು. ನೀರು ಬಟ್ಟಲು ದಾಟಿ ಕೆಳಗಿನ ತಟ್ಟೆಗೆ ಇಳಿಯಿತು.

"ಈಗ ಎಷ್ಟು ಬೇಕಾದ್ರೂ ಕುಡೀಲಿ" ಎಂದು ಯಸವತಿ ಪಿಸುಗುಟ್ಟಿದಳು. ಅದು ಗಂಡನನ್ನು ನೆನೆದು ಹೇಳಿದ್ದೋ, ನೀರು ಕೊಡದ ತನಗೆ ಹೇಳಿದ್ದೋ, ಟಿಕಿರಿಗೆ ತಿಳಿಯಲಿಲ್ಲ. 

ಮುಂದಿನ ತಿಂಗಳು ಓಣಿಯ ಕೊನೆಮನೆಯ ಸೊಸೆ ಬಂದು ಬಾಗಿಲಲ್ಲಿ ನಿಂತಳು. ಅವಳ ಮಾವನಿಗೂ ಅದೇ ಕಾಯಿಲೆ.

"ವಿಮಲಸೇನಣ್ಣನ ಹತ್ರ ನೀವೇ ಕೂರ್ತಿದ್ರಂತೆ..."

ಆಗಲ್ಲ ಎನ್ನಬೇಕೆಂದೇ ಟಿಕಿರಿ ಬಾಯಿ ತೆರೆದಳು.

"ಎಷ್ಟು ಲೋಟ ಅಂದಿದ್ದಾರೆ?" ಎಂದು ಕೇಳಿದಳು.

"ಎರಡು."

ಬಾಗಿಲು ಮುಂದೆ ಮಾಡಿ ಅವಳ ಹಿಂದೆ ನಡೆದಳು.