ಬಾವಿಯ ಪಕ್ಕದ ಬೆಟ್ಟ

ಒಂದಾನೊಂದು ಊರಿನಲ್ಲಿ ಒಂದು ಬೆಟ್ಟವಿತ್ತು. ಅದನ್ನು ಕಟ್ಟಿದ್ದು ಒಂದು ಕೊಟ್ಟಿಗೆ ತುಂಬ ಹಸುಗಳು. ದಿನಕ್ಕಿಷ್ಟು ಸಗಣಿ, ದಿನಕ್ಕಿಷ್ಟು ಗಂಜಲ. ತಿಪ್ಪೆ ಬೆಳೆಯುತ್ತ ಬೆಳೆಯುತ್ತ ಬಾವಿಕಟ್ಟೆಯ ಹತ್ತಿರಕ್ಕೇ ಬಂತು.

ಆ ಹಸುಗಳ ಮನೆಯಲ್ಲಿ ಒಂದು ಎಳೆಗೂಸು. ತಾಯಿಯ ಹಾಲು ಸಾಲದೆ, ಡಬ್ಬದ ಹಾಲಿನ ಪುಡಿಯನ್ನು ಬಾವಿ ನೀರಿನಲ್ಲಿ ಕಲಸಿ ಕುಡಿಸುತ್ತಿದ್ದರು. ಕೂಸು ಯಾಕೋ ಮಂಕಾಯಿತು. ಒಂದು ಬೆಳಿಗ್ಗೆ ನೋಡಿದರೆ ತುಟಿಯೆಲ್ಲ ನೀಲಿ!

"ಚಳಿಗೆ ಕಣೇ, ಇನ್ನೊಂದು ಬಟ್ಟೆ ಸುತ್ತು," ಎಂದಳು ಅಜ್ಜಿ.

ತೂಕ ನೋಡಲು ಬಂದಿದ್ದ ನರ್ಸಕ್ಕ ಕೂಸಿನ ಉಗುರು ನೋಡಿ ಬೆಚ್ಚಿದಳು. "ಚಳಿ ಅಲ್ಲಮ್ಮ ಇದು. ಗಾಡಿ ತೆಗೀರಿ, ಆಸ್ಪತ್ರೆಗೆ. ಈಗಲೇ!"

ಕೂಸು ಉಳಿಯಿತು. ಬಾವಿ ನೀರಿನ ಪರೀಕ್ಷೆಯಾಯಿತು. ಎಳೆಗೂಸಿನ ರಕ್ತಕ್ಕೆ ಪ್ರಾಣವಾಯು ಸಿಗದಂತೆ ಮಾಡುವ ನೈಟ್ರೇಟ್ ಎಂಬ ಲವಣ ನೀರಿನಲ್ಲಿ ಮಿತಿಮೀರಿತ್ತು.

ಅಜ್ಜಿ ನಂಬಲಿಲ್ಲ. "ಕನ್ನಡಿ ಹಂಗಿದೆ ನೀರು! ಅದೂ ಕೊತಕೊತ ಕುದಿಸಿ ಕೊಟ್ಟಿದ್ದೀನಿ."

"ಉಪ್ಪುನೀರು ಕುದಿಸಿದ್ರೆ ಉಪ್ಪು ಹೋಗುತ್ತಾ ಅಜ್ಜಿ?" ಎಂದಳು ನರ್ಸಕ್ಕ.

"ಎಲ್ಲಿಗೆ ಹೋಗುತ್ತೆ? ಇನ್ನೂ ಗಟ್ಟಿಯಾಗುತ್ತೆ."

"ಇದೂ ಹಂಗೇ. ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಇದು ಹೋಗಲ್ಲ. ತಿಪ್ಪೆಯಿಂದ ಸೋರಿ, ಮಣ್ಣೊಳಗೇ ಇಳಿದು ಬಾವಿ ಸೇರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ."

ಒಲೆ ಮುಂದೆ ಕೂತು ದಿನವೂ ಕುದಿಸಿದವಳು ಅಜ್ಜಿಯೇ.

"ನಾಳೆನೇ ತಿಪ್ಪೆ ಸರಿಸ್ತೀನಿ, ಮಾತು ಕೊಡ್ತೀನಿ," ಎಂದ ಅಜ್ಜಿಯ ಮಗ, ಕೂಸಿನ ಅಪ್ಪ.

"ನಿಮ್ಮ ನಾಳೆಗಳನ್ನ ಬೇಕಾದಷ್ಟು ನೋಡಿದ್ದೀನಿ," ಎಂದಳು ಹೆಂಡತಿ, ಕೂಸನ್ನು ಅವಚಿಕೊಂಡು. "ತಿಪ್ಪೆ ಹೋಗಲಿ, ಆಮೇಲೇ ನಾವು ಮನೆಗೆ ಬರೋದು." ಕೂಸಿನೊಡನೆ ಅವಳು ತವರಿಗೆ ಹೋದಳು.

ಆಕಾಶದಲ್ಲಿ ಮೋಡ ಕಟ್ಟುತ್ತಿತ್ತು. ಮಳೆ ಬಿದ್ದರೆ ತಿಪ್ಪೆಯ ರಸ ಬಾವಿಗೆ ಇನ್ನಷ್ಟು ಇಳಿಯುತ್ತದೆ! ಮಗ ಬಾವಿಯಿಂದ ದೂರ, ತಗ್ಗಿನ ಕಡೆ ಗುಂಡಿ ತೋಡಿ, ತಳಕ್ಕೆ ಸಿಮೆಂಟು ಹಾಕಿಸಿದ. ತಿಪ್ಪೆಯಿಂದ ಮೊದಲ ಬುಟ್ಟಿ ಹೊತ್ತವಳು ಅಜ್ಜಿ. ನೊಣದ ಕಾಟಕ್ಕೆ ದಿನಾ ಜಗಳ ತೆಗೆಯುತ್ತಿದ್ದ ಪಕ್ಕದ ಮನೆ ದರ್ಜಿಯೂ ಬಂದ.

"ನೀನ್ಯಾಕೆ ಬಂದ್ಯೋ?"

"ಇಷ್ಟು ದಿನ ಮೂಗು ಮುಚ್ಕೊಂಡಿದ್ದೆ ಅಜ್ಜಿ, ಇವತ್ತು ಸೊಂಟ ಕಟ್ಕೊಂಡು ಬಂದೆ. ನಮ್ಮನೇಲೂ ಇದೇ ನೀರು ತಾನೆ?"

ಕೊಟ್ಟಿಗೆ ತೊಳೆದ ನೀರಿನ ಕಾಲುವೆಯನ್ನೂ ಅದೇ ಗುಂಡಿಗೆ ತಿರುಗಿಸಿದರು. ಮಳೆಯ ಮೊದಲ ಹನಿ ಬೀಳುವಾಗ ತಿಪ್ಪೆಯೆಲ್ಲ ಗುಂಡಿ ಸೇರಿ, ಅದರ ಮೇಲೆ ತಗಡು ಹೊದಿಸಿ ಆಗಿತ್ತು.

"ತಾಯಿ-ಮಗೂನ ಕರ್ಕೊಂಡು ಬಾರೋ ಮಗನೇ," ಎಂದಳು ಅಜ್ಜಿ. "ಬಾವಿ ಸರಿಯಾಗಿದೆ ಅಂತ ಪರೀಕ್ಷೇಲಿ ಬರೋವರೆಗೂ ಕೂಸಿಗೆ ಬೇರೆ ಒಳ್ಳೆ ನೀರು ನಾನೇ ಹೊತ್ತು ತರ್ತೀನಿ."

ಹಸು ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ಹಿತ್ತಿಲಿಗೆ ಹೋಗಿ ನೋಡಿ. ನಿಮ್ಮ ತಿಪ್ಪೆ ಬಾವಿಗೆ ಎಷ್ಟು ಹತ್ತಿರವಿದೆ? ನೀರನ್ನು ಪರೀಕ್ಷೆ ಮಾಡಿಸಿ. ತಿಪ್ಪೆಯನ್ನು ಮಳೆಗೆ ಮುಂಚೆಯೇ ಸರಿಸಿ.