ಗುಡ್ಡಕ್ಕೆ ಹೋಗಬೇಕಿದ್ದ ಗಿಡಗಳು

ಸುಟ್ಟ ವಾಸನೆ, ಬಸ್ಸಿನಲ್ಲಿ ಯಾರೋ ಮೂಗು ಮುಚ್ಚಿಕೊಳ್ಳುತ್ತಿದ್ದಾರೆ, ಹಿಂದಿನ ಸೀಟಿನ ಹೆಂಗಸು ಎಲ್ಲಿಂದ ಬರಾಕತ್ತೈತಿ ಈ ಹೊಗಿ ಅನ್ನುತ್ತಾಳೆ, ಕಂಡಕ್ಟರ್ ಬಗ್ಗಿ ಎಂಜಿನ್ ಕಡೆ ನೋಡುತ್ತಾನೆ — ಎಂಜಿನ್ ಅಲ್ಲಪ್ಪಾ, ನನ್ನ ಸೀರೆ, ನನ್ನ ಕೂದಲು, ಹೇಳುವುದಕ್ಕೂ ಶಕ್ತಿಯಿಲ್ಲ, ಕಿಟಕಿಗೆ ತಲೆ ಆನಿಸುತ್ತೇನೆ, ಮುಂಡರಗಿ ದಾಟಿ ಬಹಳ ಹೊತ್ತಾಯಿತು, ಗದಗ ಇನ್ನೂ ಬರಲೊಲ್ಲದು, ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ, ಉರುವಲಿಗೆಂದು ಪರದೇಶದಿಂದ ಕರೆದು ತಂದದ್ದು, ಅದರ ಬುಡಕ್ಕೆ ಪಾರ್ಥೇನಿಯಂ, ಕಾಳಿನ ಜೊತೆ ಕರೆಯದೆ ಬಂದದ್ದು, ಎರಡೂ ಈಗ ಈ ಊರಿನವೇ, ಹರ್ತಿಯ ಹೊಲಗಳಲ್ಲಿ ಮೆಣಸಿನ ಹೂವಿಗೆ ಪರದೇಶದ ಕಪ್ಪು ನುಸಿ ಬಿದ್ದ ವರ್ಷವೂ ಹೀಗೇ, ನಾವು ಕೀಟ ತಪಾಸಣೆಯವರು ಕಚೇರಿಯಲ್ಲಿ ಕೂತು ಬರಬಹುದೆ, ನೆಲೆಯೂರಬಹುದೆ, ಹರಡಬಹುದೆ ಎಂದು ತರ್ಕಿಸುತ್ತಿದ್ದಾಗ ಅದು ಹೂವಿನೊಳಗೆ ಸಂಸಾರ ಹೂಡಿಯಾಗಿತ್ತು, ಬಹುದು, ಬಹುದು, ಇಷ್ಟು ವರ್ಷ ನನಗೆ ಅನ್ನ ಹಾಕಿದ್ದೇ ಈ ಬಹುದು, ಹೊರಗಿನ ಗಿಡದ ಜೊತೆ ಯಾವ ಹುಳ ಬರಬಹುದು, ಬಂದರೆ ಏನೇನು ತಿನ್ನಬಹುದು, ಸರಿಯಾಗಿ ತಡೆದರೆ ಏನೂ ಆಗುವುದಿಲ್ಲ, ಏನೂ ಆಗದ್ದನ್ನು ಯಾರಿಗೆ ತೋರಿಸಲಿ.

ರೋಶನಬಿ ಮಾತ್ರ ಬಹುದನ್ನು ಒಪ್ಪಲಿಲ್ಲ. ಕಪ್ಪತಗುಡ್ಡದ ಬುಡದಲ್ಲಿ ಆಕೆಯ ನರ್ಸರಿ, ಗಂಡ ತೀರಿದ ಮೇಲೆ ಒಬ್ಬಳೇ ಕಟ್ಟಿದ್ದು, ಮುಂದೆ ಮಾರುವುದಕ್ಕೆ ಗುಲಾಬಿ, ಕ್ರೋಟನ್, ಹಿಂದಿನ ನೆರಳಿನಲ್ಲಿ ಮಾರಾಟಕ್ಕಲ್ಲದ ಗುಡ್ಡದ ಗಿಡಗಳು, ಬೆಂಕಿ ಬಿದ್ದ ಇಳಿಜಾರಿನಲ್ಲಿ ಬೀಜ ಆರಿಸಿ ತಂದು ಮೊಳಕೆ ಬರಿಸಿದ ಮಧುನಾಶಿನಿ, ಶತಾವರಿ, ಇನ್ನೊಂದು ಬಳ್ಳಿ, ಅದರ ಹೆಸರು ಆಕೆಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ನಾನು ಕೇಳಿದವರಿಗೂ ಗೊತ್ತಾಗಲಿಲ್ಲ. ಹೋದ ವಾರ ಆಕೆಯೇ ಫೋನ್ ಮಾಡಿದ್ದು, ಮಾಡದೆ ಇದ್ದರೂ ನಡೆಯುತ್ತಿತ್ತು, ಕೇಳುವವರಿರಲಿಲ್ಲ — ನೇತ್ರಕ್ಕಾರ, ಹೊಸಾ ಕೆಂಪು ಎಲಿ ಗಿಡಕ್ಕ ಹತ್ತಿ ಅಂಟಿದಂಗ ಏನೋ ಆಗೇತ್ರಿ, ಬಂದು ನೋಡ್ರಿ. ಹೋದೆ, ಹಿಟ್ಟು ತಿಗಣೆ, ಆದರೆ ನಮ್ಮ ಸೀಮೆಯದಲ್ಲ, ಪಟ್ಟಣದ ವ್ಯಾಪಾರಿ ಫಾರಿನ್ ಗಿಡ ಎಂದು ಮಾರಿದ ಕುಂಡಗಳಲ್ಲಿ ಯಾವ ತಪಾಸಣೆಯೂ ಇಲ್ಲದೆ ಬಂದಿದೆ, ಇರುವೆಗಳು ಹೊತ್ತು ಹಿಂದಿನ ನೆರಳಿಗೂ ಒಯ್ದಿವೆ. ಔಷಧ ಹೊಡದ್ರ ಆಗಂಗಿಲ್ಲೇನ್ರಿ ಅಂದಳು, ಬೇರಿನಾಗ ಇಳದೈತಿ ರೋಶನಬಿ, ಒಂದು ಉಳದ್ರೂ ಸಾಕು, ಈಗ ಇಲ್ಲೊಂದ ಕಡೆ ಐತಿ, ಈಗ ಸುಟ್ರ ಮುಗೀತೈತಿ ಅಂದೆ. ಬಿಟ್ರ ಗುಡ್ಡಕ್ಕ ಹೋಗತೈತೇನ್ರಿ? ಹೋಗಬಹುದು. ಬಹುದು ಬ್ಯಾಡ್ರಿ ಅಕ್ಕಾರ, ಹೋಗತೈತೋ ಇಲ್ಲೋ ಅಷ್ಟ ಹೇಳ್ರಿ. ನಾನು ಇನ್ನೊಂದು ಎಲೆ ಮಗುಚಿದೆ. ಆಕೆ ಗುಡ್ಡದ ಕಡೆ ತಿರುಗಿ ಸಣ್ಣ ದನಿಯಲ್ಲಿ, ಈ ಮಳಿಗಾಲಕ್ಕ ಇವನ್ನೆಲ್ಲಾ ಗುಡ್ಡಕ್ಕ ವಾಪಸ್ ಹಚ್ಚಬೇಕಂತ ಮಾಡಿದ್ದೆ, ನಾನ ನನ್ನ ಕೈಯಾರೆ ಈ ಹುಳಾ ಒಯ್ದು ಬಿಟ್ಟು ಬರ್ತಿದ್ದೆ, ಅಲ್ರಿ? ಹೌದು ಅಂದೆ, ಅದೊಂದಕ್ಕೆ ಬಹುದು ಬೇಕಾಗಲಿಲ್ಲ. ಹಂಗಾರ ಸುಡ್ರಿ ಅಂದಳು. ಉಳಿದವುಗಳ ಬೀಜ ಗುಡ್ಡದಲ್ಲಿ ಮತ್ತೆ ಸಿಕ್ಕೀತು, ಆ ಬಳ್ಳಿಯದು ಸಿಗುವುದಿಲ್ಲ, ಅದಿದ್ದ ಜಾಗ ಆಮೇಲೆ ಮತ್ತೆ ಸುಟ್ಟುಹೋಗಿದೆ, ಇಲ್ಲಿ ಅದಿನ್ನೂ ಕಾಯಿ ಬಿಟ್ಟಿರಲಿಲ್ಲ, ಆಕೆಗೂ ಗೊತ್ತು, ಕೇಳಲಿಲ್ಲ, ಕೇಳಿದ್ದರೆ ಚೆನ್ನಾಗಿತ್ತು, ಬೈದಿದ್ದರೂ ಚೆನ್ನಾಗಿತ್ತು.

ಇವತ್ತು ನಮ್ಮ ಇಲಾಖೆಯ ಮುತ್ತಣ್ಣ ಕುಣಿ ತೋಡುತ್ತಿದ್ದ, ಬಿಸಿಲು ನೆತ್ತಿಗೇರಿತ್ತು, ತಿರುಗಿ ನೋಡಿದರೆ ರೋಶನಬಿ ಪೈಪು ಹಿಡಿದು ನೀರು ಹಾಕುತ್ತಿದ್ದಾಳೆ, ಗುಲಾಬಿಗಲ್ಲ, ಗುಡ್ಡದ ಗಿಡಗಳಿಗೆ. ಸುಡೋ ಗಿಡಕ್ಕ ನೀರ್ಯಾಕ ಹಾಕ್ತಿ ಯವ್ವಾ ಅಂದ ಮುತ್ತಣ್ಣ. ಬಿಸಲಿಗೆ ಬಾಡ್ಯಾವಲ್ಲಪಾ ಅಂದಳು, ಮುತ್ತಣ್ಣ ಮತ್ತೆ ತಲೆ ಎತ್ತಲಿಲ್ಲ — ಬೇಡ, ಅದನ್ನು ನೆನೆಯುವುದು ಬೇಡ, ಕೆಲಸ ಸರಿಯಾಗಿ ಮುಗಿದಿದೆ, ಬೇಲಿಯಾಚೆ ಗುಡ್ಡದ ಅಂಚಿನವರೆಗೆ ಎಲೆ ಎಲೆ ಮಗುಚಿ ನೋಡಿದೆ, ಹುಳ ಸಿಗಲಿಲ್ಲ, ಇಲ್ಲ ಅಂತಲ್ಲ, ಸಿಗಲಿಲ್ಲ, ಮುಂದಿನ ತಿಂಗಳು ಮತ್ತೆ ಬಂದು ನೋಡಬೇಕು, ಅದರ ಮುಂದಿನ ತಿಂಗಳೂ, ಆಕೆಯ ಖಾಲಿ ನೆರಳನ್ನು ದಾಟಿಯೇ ಹೋಗಬೇಕು, ಟಿಕೆಟ್ ಆತೇನ್ರಿ ಎನ್ನುತ್ತಾನೆ ಕಂಡಕ್ಟರ್, ಆತಪ್ಪಾ, ಎಲ್ಲಾ ಆತು, ಕಣ್ಣು ಮುಚ್ಚಿದರೆ ಮತ್ತೆ ಅದೇ, ನೀರು ಕುಡಿದ ಗಿಡಗಳು ಬೇಗ ಹತ್ತಿಕೊಳ್ಳಲಿಲ್ಲ, ಮುತ್ತಣ್ಣ ಡೀಸೆಲ್ ಸುರಿದ, ಹೊಗೆ, ಬರೀ ಹೊಗೆ, ಹೆಸರಿಲ್ಲದ ಬಳ್ಳಿ ಎಲ್ಲಕ್ಕಿಂತ ಮೇಲೆ ಬಿದ್ದಿತ್ತು, ಸುತ್ತ ಉರಿ ಎದ್ದರೂ ಅದರ ತುದಿಯ ಎಲೆ ಹಸಿರಾಗಿಯೇ ಇತ್ತು, ಎಲೆಯ ಮೇಲೆ ರೋಶನಬಿ ಹಾಕಿದ ನೀರು, ಒಂದು ಹನಿ, ಹಾಗೇ ನಿಂತಿತ್ತು, ನಿಂತೇ ಇತ್ತು —